ಚಿಂದಿಯಲ್ಲೂ ಅರ್ಥವುಂಟು



ನನ್ನನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ, ಯುಗಾದಿಯ ಕೂಟದಲ್ಲಿ, ಚಹಾ ಮತ್ತು ಹಚ್ಚಿದ ಅವಲಕ್ಕಿಯ ಮೇಜಿನ ಹಿಂದೆ ನಿಂತು “ಇನ್ನೊಂದು ಸ್ವಲ್ಪ ಹಾಕಿಸಿಕೋ” ಎಂದು ಒತ್ತಾಯ ಮಾಡುವ ಸದಾಶಿವ ಪೇಠದ ಕಾಕೂ ನಾನೇ. ಓದಿದ್ದು ಧಾರವಾಡದಲ್ಲಿ, ಇಂಗ್ಲಿಷ್ ವಿಷಯದಲ್ಲಿ ಬಿ.ಎ. 1994ರಲ್ಲಿ ಮದುವೆಯಾಗಿ ಪುಣೆಗೆ ಬಂದವಳು, ಅಂದಿನಿಂದ ಇಂದಿನವರೆಗೆ ಅಡುಗೆಮನೆಯೇ ನನ್ನ ಪ್ರಯೋಗಶಾಲೆ. ಇಂಥವಳು ಅಣು ಜೀವವಿಜ್ಞಾನದ ಬಗ್ಗೆ ಬರೆಯಲು ಹೊರಟಿದ್ದಾಳಲ್ಲ ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ. ಆದರೆ ನಕ್ಕು ಮುಗಿದ ಮೇಲೆ ಪೂರ್ತಿ ಓದಿ. ಏಕೆಂದರೆ ಈ ವಿಷಯ ನಮ್ಮ ಮನೆಯಲ್ಲಿ ಒಂದು ಸಲ ಬಹಳ ತುಟ್ಟಿಯಾಗಿ ಬಿದ್ದಿದೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಧಾರವಾಡದ ಒಂದು ದೀಪಾವಳಿ

2018ರ ದೀಪಾವಳಿಗೆ ನಾವು ಧಾರವಾಡಕ್ಕೆ ಹೋಗಿದ್ದೆವು. ನನ್ನ ತಂದೆ ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಆರು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಹಲಗೆಯ ಮೇಲೆ ಮುತ್ತಿನಂಥ ಅಕ್ಷರ ಬರೆಯುತ್ತಿದ್ದ ಕೈ, ಪೆನ್ಶನ್ ಕಾಗದದ ಮೇಲೆ ಸಹಿ ಹಾಕಲೂ ಆಗದಷ್ಟು ನಡುಗುತ್ತಿತ್ತು. ಯಾರೋ ಪರಿಚಿತರು ಅವರಿಗೊಂದು ಬಣ್ಣದ ಕರಪತ್ರ ತಂದುಕೊಟ್ಟಿದ್ದರು. ದೂರದ ಊರಿನ ಒಂದು ಆಸ್ಪತ್ರೆ. ‘ಸ್ಟೆಮ್ ಸೆಲ್’ ಇಂಜೆಕ್ಷನ್ ಕೊಟ್ಟರೆ ಪಾರ್ಕಿನ್ಸನ್, ಮಂಡಿನೋವು, ಲಕ್ವ, ಸಕ್ಕರೆ ಕಾಯಿಲೆ ಎಲ್ಲವೂ ಗುಣವಂತೆ. ಖರ್ಚು ನಾಲ್ಕು ಲಕ್ಷ.

ನನ್ನ ಮಗಳು ಆಗ ಪುಣೆಯಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಮಾಡುತ್ತಿದ್ದಳು. ಅಜ್ಜ ಕರಪತ್ರವನ್ನು ಅವಳ ಕೈಗೆ ಕೊಟ್ಟು, “ನೀ ಇದನ್ನೇ ಓದಲಿಕ್ಕೆ ಹತ್ತೀಯಲ್ಲವಾ, ನೀನ ಹೇಳು. ಹೋಗಲ್ಯೋ ಬ್ಯಾಡೋ?” ಎಂದರು.

ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿ. ಶುರು ಮಾಡಿದಳು, ನಾಲ್ಕು ವಾಕ್ಯ ಇಂಗ್ಲಿಷ್, ಮಧ್ಯೆ ಎರಡು ಮರಾಠಿ ಶಬ್ದ. ಅಜ್ಜನ ಮುಖ ನೋಡಿ ತಡವರಿಸಿದಳು. ಮೊಬೈಲಿನಲ್ಲಿ ಹುಡುಕಿ, “ಅಜ್ಜಾ, ಸ್ಟೆಮ್ ಸೆಲ್ ಅಂದರೆ ಕಾಂಡಕೋಶ” ಎಂದಳು. ಅಜ್ಜ ನಕ್ಕರು. “ಕಾಂಡ ಅಂದರ ನನಗ ಬಾಲಕಾಂಡ ಗೊತ್ತು, ಅಯೋಧ್ಯಾಕಾಂಡ ಗೊತ್ತು. ಇದ್ಯಾವ ಕಾಂಡವಾ?” ಮನೆಯವರೆಲ್ಲ ನಕ್ಕರು, ಅವಳು ನಾಚಿ ಸುಮ್ಮನಾದಳು. ನನ್ನ ಕಡೆ ನೋಡಿದಳು. ನನಗೆ ಇಂಗ್ಲಿಷ್ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು, ಆದರೆ ಸ್ಟೆಮ್ ಸೆಲ್ ಎಂದರೇನೆಂದು ತಿಳಿದಿರಲಿಲ್ಲ. ಹೀಗೆ ಮೂರು ತಲೆಮಾರು ಒಂದೇ ಪಡಸಾಲೆಯಲ್ಲಿ ಕುಳಿತು ಒಬ್ಬರಿಗೊಬ್ಬರು ಏನೂ ಹೇಳಲಾಗದೆ ಹೋದೆವು.

ಕರಪತ್ರ ಮಾತ್ರ ಅಚ್ಚ ಕನ್ನಡದಲ್ಲಿತ್ತು.

ತಂದೆ ಹೋದರು. ಅದಕ್ಕಾಗಿ ಒಂದು ನಿವೇಶನ ಮಾರಿದರು. ಇಂಜೆಕ್ಷನ್ ಆಯಿತು, ಕೈ ನಡುಗುವುದು ನಿಲ್ಲಲಿಲ್ಲ. ಅವರು ಯಾರನ್ನೂ ದೂರಲಿಲ್ಲ. 2021ರಲ್ಲಿ ತೀರಿಕೊಂಡರು.

ತಪ್ಪು ನನ್ನದೂ ಇದೆ, ಒಪ್ಪಿಕೊಳ್ಳುತ್ತೇನೆ. ಮಗಳು ಶಾಲೆಗೆ ಸೇರಿದ ವರ್ಷ ಅವಳ ಶಿಕ್ಷಕಿ “ಮನೆಯಲ್ಲಿ ಇಂಗ್ಲಿಷೇ ಮಾತಾಡಿ, ಮೂರು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆ” ಎಂದಿದ್ದರು. ಬಿ.ಎ. ಇಂಗ್ಲಿಷ್ ಓದಿದ ನನಗೆ ಅದು ಹೆಮ್ಮೆಯೆನಿಸಿತು. ಕನ್ನಡವನ್ನು ಕತ್ತರಿಸಿ ಬದಿಗಿಟ್ಟೆ.

ಅಡುಗೆಮನೆಯಲ್ಲಿ ಒಂದು ಸಂಜೆ

2023ರ ಆಗಸ್ಟ್ ತಿಂಗಳ ಮಾತು. ಅಷ್ಟರಲ್ಲಿ ಮಗಳು ಪಿಎಚ್.ಡಿ.ಗೆ ಸೇರಿದ್ದಳು. ಒಂದು ಸಂಜೆ ಬಂದು, “ಅಮ್ಮ, ಎಂ.ಆರ್.ಎಸ್. ರಾವ್ ಹೋಗಿಬಿಟ್ಟರು” ಎಂದಳು. ಯಾರು ಎಂದು ಕೇಳಿದೆ. “ಮೈಸೂರಿನವರು. ನಾನು ಓದುವ ವಿಷಯದ ಹಿರಿಯರು” ಎಂದವಳು, ಏನು ತೋಚಿತೋ, ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಕಟ್ಟೆಗೆ ಒರಗಿ ನಿಂತು ಅವರ ಕಥೆ ಹೇಳತೊಡಗಿದಳು. ಕನ್ನಡದಲ್ಲಿ! ಅಜ್ಜ ಹೋದ ಮೇಲೆ ಅವಳು ಗುಟ್ಟಾಗಿ ಕನ್ನಡ ಓದಲು ಕಲಿಯುತ್ತಿದ್ದಳೆಂಬುದು ನನಗೆ ತಿಳಿದದ್ದು ಆ ದಿನವೇ. ಅವಳು ಹೇಳಿದ್ದನ್ನೂ, ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮಂಚನಹಳ್ಳಿ ರಂಗಸ್ವಾಮಿ ಸತ್ಯನಾರಾಯಣ ರಾವ್ ಹುಟ್ಟಿದ್ದು 1948ರ ಜನವರಿ 21ರಂದು, ಮೈಸೂರಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಬೆಂಗಳೂರಿನವರು ಪ್ರೀತಿಯಿಂದ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಕಡೆ, ಪ್ರೊ. ಜಿ. ಪದ್ಮನಾಭನ್ ಅವರ ಮಾರ್ಗದರ್ಶನದಲ್ಲಿ 1973ರಲ್ಲಿ ಪಿಎಚ್.ಡಿ. ಪಡೆದರು. ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಸ್ವಲ್ಪ ಕಾಲ ಸಂಶೋಧನೆ ಮಾಡಿ, ಅಲ್ಲೇ ಉಳಿಯದೆ ಮರಳಿ ಬಂದು ತಮ್ಮ ಸಂಸ್ಥೆಯಲ್ಲೇ ಪಾಠ, ಸಂಶೋಧನೆಗಳಲ್ಲಿ ತೊಡಗಿದರು. 2003ರಿಂದ 2013ರವರೆಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. 2010ರಲ್ಲಿ ಪದ್ಮಶ್ರೀ ಬಂತು.

ಇದಿಷ್ಟು ಯಾವ ಸನ್ಮಾನಪತ್ರದಲ್ಲಾದರೂ ಸಿಗುತ್ತದೆ. ಅವರು ಹುಡುಕಿದ್ದೇನು ಎಂಬುದು ಮುಖ್ಯ. ಅದಕ್ಕೆ ಮೊದಲು ಸ್ವಲ್ಪ ಹೊಲಿಗೆಯ ಪಾಠ ಬೇಕು.

ದರ್ಜಿಯ ಕತ್ತರಿ

ನಮ್ಮ ದೇಹದ ಜೀವಕೋಶದ ನಡುವೆ ಒಂದು ಕೋಶಕೇಂದ್ರ. ಅದರೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ. ಒಂದೊಂದು ಕೋಶದ ಎಳೆಯನ್ನು ಬಿಡಿಸಿ ಚಾಚಿದರೆ ಸುಮಾರು ಎರಡು ಮೀಟರ್. ಅಂದರೆ ಆರೂವರೆ ಅಡಿ! ಪ್ರೋಟೀನ್ ತಯಾರಿಸುವ ಸೂಚನೆಗಳೆಲ್ಲ ಅದರಲ್ಲಿವೆ. ಒಂದೊಂದು ಸೂಚನೆಗೆ ಜೀನ್ ಎಂದು ಹೆಸರು. ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಬೇಕಾದಾಗ ಜೀನಿನ ನಕಲು ತೆಗೆಯಲಾಗುತ್ತದೆ. ಆ ನಕಲೇ ಆರ್‌ಎನ್‌ಎ.

ವಿಚಿತ್ರವೆಂದರೆ, ಈ ನಕಲು ಇದ್ದ ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ನಡುನಡುವೆ ಬೇಡದ ಭಾಗಗಳಿರುತ್ತವೆ. ಅವುಗಳಿಗೆ ಇಂಟ್ರಾನ್ ಎನ್ನುತ್ತಾರೆ, ಬೇಕಾದ ಭಾಗಗಳಿಗೆ ಎಕ್ಸಾನ್. ದರ್ಜಿ ಬಟ್ಟೆಯನ್ನು ಕತ್ತರಿಸಿ, ಬೇಕಾದ ತುಂಡುಗಳನ್ನು ಕೂಡಿಸಿ ಹೊಲಿದಂತೆ, ಜೀವಕೋಶವೂ ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದು ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಇದೇ ಸ್ಪ್ಲೈಸಿಂಗ್. ಇದನ್ನು 1977ರಲ್ಲಿ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ನೆಗಡಿ ತರುವ ಒಂದು ಬಗೆಯ ವೈರಸ್ಸಿನಲ್ಲಿ! ಅವರಿಬ್ಬರಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಪ್ರೊ. ಉಷಾ ವಿಜಯರಾಘವನ್ ಅವರು ಯೀಸ್ಟ್‌ನಲ್ಲಿ ಈ ಕತ್ತರಿ-ಹೊಲಿಗೆ ಹೇಗೆ ನಡೆಯುತ್ತದೆಂದು ಅಭ್ಯಾಸ ಮಾಡಿದ್ದಾರೆ.

ಒಂದೇ ಬಟ್ಟೆಯಿಂದ ಜಾಣ ದರ್ಜಿ ಕುಪ್ಪಸವನ್ನೂ ಹೊಲಿದಾನು, ಲಂಗವನ್ನೂ ಹೊಲಿದಾನು. ಹಾಗೆಯೇ ಒಂದೇ ಜೀನಿನ ತುಂಡುಗಳನ್ನು ಬೇರೆಬೇರೆ ರೀತಿ ಜೋಡಿಸಿ ಬೇರೆಬೇರೆ ಪ್ರೋಟೀನ್ ಪಡೆಯಬಹುದು. ಹಲವು ಎಕ್ಸಾನ್‌ಗಳಿರುವ ನಮ್ಮ ಜೀನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಹೀಗೆ ಮಾಡುತ್ತವೆ.

ಸರಿ, ಕತ್ತರಿಸಿ ಉಳಿದ ಇಂಟ್ರಾನ್ ತುಂಡುಗಳ ಗತಿ? ಬಹಳ ಕಾಲ ಅವನ್ನೆಲ್ಲ ಕಸ ಎಂದೇ ಭಾವಿಸಿದ್ದರು. ಪ್ರೋಟೀನಿಗೆ ಬೇಕಾದ ಭಾಗ ಇಡೀ ಡಿಎನ್‌ಎಯಲ್ಲಿ ನೂರಕ್ಕೆ ಒಂದೂವರೆಯಷ್ಟೂ ಇಲ್ಲವೆಂದ ಮೇಲೆ, ಉಳಿದದ್ದೆಲ್ಲ ಕಸವೇ?

ಹೆಪ್ಪಿನ ಕಥೆ

ಇನ್ನು ಸ್ಟೆಮ್ ಸೆಲ್. ಮಗಳು ನನ್ನ ಕೈಯಲ್ಲಿದ್ದ ಬಟ್ಟಲು ತೋರಿಸಿ, “ಅದೇ ಅಮ್ಮ, ಹೆಪ್ಪು” ಎಂದಳು.

ಯೋಚಿಸಿ ನೋಡಿ. ದಿನಾ ಮೊಸರು ಮಾಡುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಊಟಕ್ಕೆ, ಮಜ್ಜಿಗೆಗೆ, ಬೆಣ್ಣೆಗೆ. ಆದರೆ ಒಂದು ಚಮಚ ಮಾತ್ರ ನಾಳೆಗೆಂದು ತೆಗೆದಿಡುತ್ತೇವೆ. ಅದು ಖರ್ಚಾದರೆ ಮುಗಿಯಿತು, ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಸ್ಟೆಮ್ ಸೆಲ್ ಕೂಡ ಹಾಗೆಯೇ. ಅದು ಒಡೆದು ಎರಡಾದಾಗ ಒಂದು ಹೆಪ್ಪಾಗಿಯೇ ಉಳಿಯಬಲ್ಲದು, ಇನ್ನೊಂದು ರಕ್ತವೋ ಚರ್ಮವೋ ನರವೋ ಆಗಲು ಹೊರಡಬಲ್ಲದು. ಯಾವಾಗ ಉಳಿಯಬೇಕು, ಯಾವಾಗ ಹೊರಡಬೇಕು? ಇದನ್ನು ನಿರ್ಧರಿಸುವವರು ಯಾರು? ಇಡೀ ವಿಜ್ಞಾನದ ಪ್ರಶ್ನೆಯೇ ಇದು. ಇಲ್ಲಿ ಸ್ಪ್ಲೈಸಿಂಗ್‌ಗೂ ಪಾತ್ರವಿದೆ. ಒಂದೇ ಜೀನನ್ನು ಸ್ಟೆಮ್ ಸೆಲ್ ಒಂದು ರೀತಿ ಹೊಲಿದುಕೊಳ್ಳುತ್ತದೆ, ಬೆಳೆದ ಕೋಶ ಇನ್ನೊಂದು ರೀತಿ ಹೊಲಿಯುತ್ತದೆ ಎಂದು ‘ಫಾಕ್ಸ್‌ಪಿ1’ ಎಂಬ ಜೀನಿನಲ್ಲಿ ಕೆನಡಾದ ಟೊರಾಂಟೊ ವಿಜ್ಞಾನಿಗಳು 2011ರಲ್ಲಿ ತೋರಿಸಿದರು.

ರಾವ್ ಅವರು ಸ್ಪ್ಲೈಸಿಂಗ್ ತಜ್ಞರಲ್ಲ. ಅವರು ಹುಡುಕಿದ್ದು ಆ ಕತ್ತರಿಗೆ ಸಿಕ್ಕುವ ಭಾಗದೊಳಗೆ.

ಹದಿನೈದನೆಯ ತುಂಡಿನೊಳಗೆ

ಅವರಿಗೆ ಮೊದಲಿನಿಂದಲೂ ಒಂದು ಕುತೂಹಲ. ಎರಡು ಮೀಟರಿನ ಎಳೆಯನ್ನು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಮಡಚಿ ಇಡುವುದು ಹೇಗೆ? ಗಂಡಿನ ವೀರ್ಯಾಣು ತಯಾರಾಗುವಾಗ ಈ ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಬೇಕಾಗುತ್ತದೆ. ಎಳೆಯನ್ನು ಸುತ್ತಿಡುವ ಹಳೆಯ ಪ್ರೋಟೀನ್‌ಗಳು ಹೋಗಿ ಹೊಸವು ಬರುತ್ತವೆ, ನಡುವೆ ಸ್ವಲ್ಪ ಕಾಲ ‘ಟ್ರಾನ್ಸಿಶನ್ ಪ್ರೋಟೀನ್’ ಎಂಬ ಬದಲಿ ಕೆಲಸದವರು ಬಂದು ಹೋಗುತ್ತಾರೆ. ಇವುಗಳ ಕೆಲಸವನ್ನು ಅವರು ಇಲಿಗಳಲ್ಲಿ ವರ್ಷಾನುಗಟ್ಟಲೆ ಅಭ್ಯಾಸ ಮಾಡಿದರು.

ಅದೇ ಹಾದಿಯಲ್ಲಿ ಇನ್ನೊಂದು ಪ್ರಶ್ನೆ. ವೀರ್ಯಾಣು, ಅಂಡಾಣು ಆಗುವ ಮೊದಲು ತಂದೆಯಿಂದ ಬಂದ ವರ್ಣತಂತುವೂ ತಾಯಿಯಿಂದ ಬಂದ ವರ್ಣತಂತುವೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದಕ್ಕೇ ಅಣ್ಣತಮ್ಮಂದಿರು ಒಂದೇ ಅಚ್ಚಿನವರಾಗಿರುವುದಿಲ್ಲ. ಈ ವಿನಿಮಯ ಕೆಲವು ಜಾಗಗಳಲ್ಲಿ ಹೆಚ್ಚಾಗಿ ನಡೆಯುತ್ತದೆ. ಅಂಥ ಒಂದು ಜಾಗವನ್ನು ಇಲಿಯ ಎಂಟನೆಯ ವರ್ಣತಂತುವಿನಲ್ಲಿ ರಾವ್ ಮತ್ತು ಅವರ ವಿದ್ಯಾರ್ಥಿಗಳು ಪರೀಕ್ಷಿಸುತ್ತಿದ್ದರು. ಅಲ್ಲಿ ಅವರಿಗೊಂದು ಆರ್‌ಎನ್‌ಎ ಸಿಕ್ಕಿತು. ಸುಮಾರು 2,400 ಅಕ್ಷರಗಳ ಉದ್ದ. ಆದರೆ ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ! 2004ರಲ್ಲಿ ಪ್ರಕಟಿಸಿದರು. ‘ಎಂ.ಆರ್.ಎಚ್.ಎಲ್.’ ಎಂದು ಹೆಸರಿಟ್ಟರು.

ಅದು ಇದ್ದದ್ದಾದರೂ ಎಲ್ಲಿ? ಸಕ್ಕರೆ ಅಂಶವನ್ನು ಬಿಡಿಸಿ ಕೊಡಲು ನೆರವಾಗುವ ಒಂದು ಸಾಧಾರಣ ಜೀನಿನ ಹದಿನೈದನೆಯ ಇಂಟ್ರಾನ್‌ನೊಳಗೆ. ಅಂದರೆ, ಕತ್ತರಿಸಿ ಬಿಸಾಡುವ ಭಾಗದಲ್ಲಿ.

ನಾನು ಜಾಣತನ ತೋರಿಸಲು, “ಹಾಗಾದರೆ ಕತ್ತರಿಸಿ ಬಿದ್ದ ಚಿಂದಿಯಿಂದ ಆದದ್ದು, ನಮ್ಮ ಕೌದಿಯ ಹಾಗೆ” ಎಂದೆ. ಮಗಳು ತಿದ್ದಿದಳು: “ಅಲ್ಲ ಅಮ್ಮ. ಆ ಚಿಂದಿಯಿಂದಲ್ಲ. ಡಿಎನ್‌ಎಯ ಅದೇ ಜಾಗದಿಂದ ಅದು ತನ್ನಷ್ಟಕ್ಕೇ ಬೇರೆಯಾಗಿ ನಕಲಾಗುತ್ತದೆ. ಚಿಂದಿ ಎಂದು ನಾವು ತಿಳಿದ ಕಡೆ ಇನ್ನೊಂದು ಬರಹ ಮೊದಲಿಂದಲೂ ಇತ್ತು, ಓದಿದವರು ಇರಲಿಲ್ಲ.” ಈ ಮಾತು ನನಗೆ ಕೌದಿಗಿಂತ ಚೆನ್ನಾಗಿ ಕಂಡಿತು.

ಇಂಥದ್ದು ಸಿಕ್ಕಾಗ ಎರಡು ದಾರಿ. ‘ಪ್ರೋಟೀನ್ ಮಾಡುವುದಿಲ್ಲ, ಬಿಡು’ ಎನ್ನುವುದು ಒಂದು. ‘ಹಾಗಾದರೆ ಯಾಕೆ ಇದೆ?’ ಎಂದು ಕೇಳುವುದು ಇನ್ನೊಂದು. ರಾವ್ ಎರಡನೆಯದನ್ನು ಹಿಡಿದರು. ಸಂಸ್ಥೆಯ ಅಧ್ಯಕ್ಷಗಿರಿಯ ಕಡತಗಳ ನಡುವೆಯೂ ಬಿಡಲಿಲ್ಲ. ಈ ಆರ್‌ಎನ್‌ಎ ಕೋಶಕೇಂದ್ರ ಬಿಟ್ಟು ಹೊರಗೆ ಬರುವುದೇ ಇಲ್ಲ ಎಂದು 2008ರಲ್ಲಿ ತೋರಿಸಿದರು. ವೀರ್ಯಾಣು ಆಗಲಿರುವ ಮೂಲಕೋಶಗಳಲ್ಲಿ ಅದು ಒಂದು ಪ್ರೋಟೀನಿನ ಜೊತೆಗೂಡಿ ‘ವಿಂಟ್’ ಎಂಬ ಮುಖ್ಯ ಸಂಕೇತವನ್ನು ತಡೆದು ಹಿಡಿಯುತ್ತದೆ ಎಂದು 2012ರಲ್ಲಿ. ಸಂಕೇತ ಬಂದಾಗ ಈ ಆರ್‌ಎನ್‌ಎ ತಗ್ಗುತ್ತದೆ, ತಗ್ಗಿದಾಗ ‘ಸಾಕ್ಸ್8’ ಎಂಬ ಜೀನ್ ಎಚ್ಚರಗೊಂಡು ಕೋಶ ಮುಂದಿನ ಹಂತಕ್ಕೆ ಹೊರಡುತ್ತದೆ ಎಂದು 2017ರಲ್ಲಿ. ಅಂದರೆ ಇದು ಹೊಸ್ತಿಲಲ್ಲಿ ಕುಳಿತ ಮನೆಯ ಹಿರಿಯರ ಹಾಗೆ: ‘ಇನ್ನೂ ಹೊತ್ತಾಗಿಲ್ಲ, ತಡಿ’ ಎನ್ನುತ್ತದೆ. ಹೊತ್ತು ಬಂದಾಗ ಸರಿದು ದಾರಿ ಬಿಡುತ್ತದೆ.

2019ರಲ್ಲಿ, ಮನುಷ್ಯರಲ್ಲೂ ಇದರ ಸೋದರಿಯಂಥ ಆರ್‌ಎನ್‌ಎ ಇದ್ದು, ಒಂದು ಬಗೆಯ ರಕ್ತ ಕ್ಯಾನ್ಸರಿನ ಕೋಶಗಳಲ್ಲಿ ಕೆಲಸ ಮಾಡುತ್ತದೆಂದು ಅವರ ತಂಡ ವರದಿ ಮಾಡಿತು. 2021ರಲ್ಲಿ ಇಲಿಯ ಭ್ರೂಣದ ಸ್ಟೆಮ್ ಸೆಲ್‌ಗಳ ಸರದಿ. ಈ ಆರ್‌ಎನ್‌ಎ ತಗ್ಗಿಸಿದರೆ ಆ ಕೋಶಗಳು ಹೆಪ್ಪಾಗಿ ಉಳಿಯುತ್ತವೆ, ಆದರೆ ಮುಂದೆ ಏನಾಗಬೇಕೋ ಅದರಲ್ಲಿ ಏರುಪೇರಾಗುತ್ತದೆ ಎಂದು ಕಂಡುಬಂತು. ಲೆಕ್ಕ ಹಾಕಿ: 2004ರಿಂದ 2021. ಹದಿನೇಳು ವರ್ಷ, ಒಂದೇ ಒಂದು ಆರ್‌ಎನ್‌ಎ! 1973ರಲ್ಲಿ ಪಿಎಚ್.ಡಿ. ಮಾಡಿದವರು ತಮ್ಮ ಎಪ್ಪತ್ತರ ವಯಸ್ಸಿನಲ್ಲೂ ವಿದ್ಯಾರ್ಥಿಗಳ ಜೊತೆ ಕುಳಿತು ಅದನ್ನೇ ಕೇಳುತ್ತಿದ್ದರು. 2023ರ ಆಗಸ್ಟ್‌ನಲ್ಲಿ, 75ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

ಆ ಕರಪತ್ರಕ್ಕೆ ಉತ್ತರ

ಈಗ ನನ್ನ ತಂದೆಯ ಪ್ರಶ್ನೆಗೆ ಬರೋಣ. ಮಗಳು ಕಥೆ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಮ್ಮ, ಅವತ್ತು ಅಜ್ಜನಿಗೆ ‘ಹೆಪ್ಪು’ ಅಂದಿದ್ದರೆ ತಿಳಿಯುತ್ತಿತ್ತು” ಎಂದಳು.

ತಿಳಿಯುತ್ತಿತ್ತು. ಹೆಪ್ಪನ್ನು ಹಾಲಿಗೆ ಹಾಕಬೇಕು. ಹಾಲು ಉಗುರುಬೆಚ್ಚಗಿರಬೇಕು. ಕುದಿಯುವ ಹಾಲಿಗೆ ಹಾಕಿದರೆ ಕೆಡುತ್ತದೆ, ನೀರಿಗೆ ಹಾಕಿದರೆ ಏನೂ ಆಗುವುದಿಲ್ಲ. ಒಂದು ಕೋಶ ಯಾವಾಗ ಏನಾಗಬೇಕೆಂದು ತಿಳಿಯಲು ಒಬ್ಬ ದೊಡ್ಡ ವಿಜ್ಞಾನಿ ಹದಿನೇಳು ವರ್ಷ ಒಂದೇ ಆರ್‌ಎನ್‌ಎಯ ಬೆನ್ನು ಹತ್ತಿರುವಾಗ, ಮಂಡಿಗೂ ಮಿದುಳಿಗೂ ಸಕ್ಕರೆ ಕಾಯಿಲೆಗೂ ಒಂದೇ ಇಂಜೆಕ್ಷನ್ ಹೇಗೆ ಸಾಧ್ಯ? ಇಷ್ಟು ಹೇಳಿದ್ದರೆ, ಸಾವಿರ ಮಕ್ಕಳಿಗೆ ಲೆಕ್ಕ ಕಲಿಸಿದ ಮಾಸ್ತರರಿಗೆ ಅರ್ಥವಾಗುತ್ತಿರಲಿಲ್ಲವೇ?

ನೀವೂ ತಿಳಿದಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿಯಂಥದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಪರೀಕ್ಷೆಯ ಹಂತದ್ದು, ಅನುಮತಿ ಪಡೆದ ಪರೀಕ್ಷೆಯ ಹೊರಗೆ ಅದನ್ನು ಚಿಕಿತ್ಸೆಯೆಂದು ಮಾರಬಾರದು. ನನ್ನ ತಂದೆ ಹೋದಾಗ ಆ ಮಾರ್ಗಸೂಚಿಗೆ ಒಂದು ವರ್ಷವಾಗಿತ್ತು! ಹಾಗೆಂದು ಆಸೆ ಸತ್ತಿಲ್ಲ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಬೆಳೆದ ಕೋಶವನ್ನೇ ಮತ್ತೆ ಹೆಪ್ಪನ್ನಾಗಿಸುವ ದಾರಿ ಕಂಡುಹಿಡಿದರು, 2012ರಲ್ಲಿ ಅವರಿಗೆ ನೊಬೆಲ್ ಬಂತು. ಅಂಥ ಕೋಶಗಳಿಂದ ನರಕೋಶ ಬೆಳೆಸಿ, ಕ್ಯೋಟೋದಲ್ಲಿ ಏಳು ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಕಸಿ ಮಾಡಿದ ಪರೀಕ್ಷೆಯ ವರದಿ 2025ರಲ್ಲಿ ಬಂತು. ಗಂಭೀರ ತೊಂದರೆಯಾಗಿಲ್ಲ, ಕೆಲವರಲ್ಲಿ ಸುಧಾರಣೆ ಕಂಡಿದೆ. ಹತ್ತೊಂಬತ್ತು ವರ್ಷದ ದುಡಿಮೆ, ಏಳು ರೋಗಿಗಳು. ನಿಜವಾದ ವಿಜ್ಞಾನ ನಡೆಯುವ ವೇಗ ಇದು. ಕರಪತ್ರದ ವೇಗವೇ ಬೇರೆ.

ನಿಮಗೊಂದು ಕೆಲಸ

ನೀವು ಪುಣೆಯಲ್ಲಿ ಹುಟ್ಟಿ ಬೆಳೆದವರು. ನಮ್ಮ ಲಕಡಿ ಪೂಲ್ ದಾಟಿದರೆ ಆಗರ್ಕರ್ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ, ಪಾಷಾಣದಲ್ಲಿ 2006ರಿಂದ ಐಸರ್. ವಿಜ್ಞಾನ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ? ಇಂಗ್ಲಿಷಿನಲ್ಲಿ ಕಲಿಯಿರಿ, ಬೇಡವೆನ್ನುವುದಿಲ್ಲ. ಮರಾಠಿ ನಮಗೆ ಅನ್ನ ಕೊಟ್ಟ ನೆಲದ ಮಾತು, ಅದನ್ನೂ ಚೆನ್ನಾಗಿ ಆಡಿ. ಆದರೆ ಕನ್ನಡವನ್ನು ಕತ್ತರಿಸಿ ಹಾಕಿದ ಭಾಗವೆಂದು ತಿಳಿಯಬೇಡಿ. ಅದು ನಿಮ್ಮ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಕೆಲಸದ ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒಂದು ದಿನ ಊರಿನ ಪಡಸಾಲೆಯಲ್ಲಿ ನಿಮ್ಮ ಅಜ್ಜನೋ ಸೋದರತ್ತೆಯೋ ಕಾಗದವೊಂದನ್ನು ಕೈಗಿಟ್ಟು “ನೀನ ಹೇಳು” ಎನ್ನುತ್ತಾರೆ. ಆಗ ಬೇಕಾಗುವುದು ಅದೊಂದೇ.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಊರಿಗೆ ಫೋನ್ ಮಾಡಿ, ನೀವು ಓದುತ್ತಿರುವುದು ಏನೆಂದು ಅಜ್ಜಿಗೆ ಕನ್ನಡದಲ್ಲಿ ಹೇಳಿ. ಕಂಪ್ಯೂಟರ್ ಆಗಲಿ, ಕಾಮರ್ಸ್ ಆಗಲಿ. ತಡವರಿಸಿದರೆ ತಡವರಿಸಿ, ಅಜ್ಜಿ ನಕ್ಕರೆ ನಗಲಿ. ಒಂದು ಶಬ್ದ ಸಿಗದಿದ್ದರೆ ಅವರನ್ನೇ ಕೇಳಿ, ‘ಹೆಪ್ಪು’ ಇರುವುದು ಅವರ ಬಳಿಯೇ.

ನಮ್ಮ ಮಗಳು ಈಗ ತಿಂಗಳಿಗೊಮ್ಮೆ ಧಾರವಾಡದ ನನ್ನ ತಾಯಿಗೆ ತನ್ನ ಪ್ರಯೋಗದ ಸಮಾಚಾರ ಹೇಳುತ್ತಾಳೆ. ಹೋದ ತಿಂಗಳು ಮೂರು ವಾರದ ಕೋಶಗಳೆಲ್ಲ ಸತ್ತುಹೋದವೆಂದು ಅಳುಮುಖ ಮಾಡಿಕೊಂಡು ಹೇಳಿದಳು. ಎಂಬತ್ತೆರಡರ ನನ್ನ ತಾಯಿ ಆ ಕಡೆಯಿಂದ ಕೇಳಿದರು:

“ಹಾಲು ಭಾಳ ಬಿಸಿ ಇತ್ತೇನವಾ?”